ಅರ್ಧ ಗಟ್ಟಿ ಅರ್ಧ ನೀರು: ಸೆಮಿ-ಸಾಲಿಡ್ ಕಾಸ್ಟಿಂಗ್ ನಮ್ಮಂಥ ಸಣ್ಣ ಶೆಡ್ಡಿಗೆ ಆಗತೈತೇನ್ರಿ?

ಉದ್ಯಮಬಾಗ_ಡೈಕಾಸ್ಟ್:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಬೆಳಗಾವಿ ಉದ್ಯಮಬಾಗದಾಗ ಸಣ್ಣ ಶೆಡ್ ಐತಿ, 250 ಟನ್ನಿನ ಒಂದ ಒಂದು ಕೋಲ್ಡ್ ಚೇಂಬರ್ ಪ್ರೆಶರ್ ಡೈಕಾಸ್ಟಿಂಗ್ ಮಷೀನು (ಕರಗಿದ ಮೆಟಲ್ ಜೋರಲೆ ಉಕ್ಕಿನ ಅಚ್ಚಿಗೆ, ಅಂದ್ರ ಡೈಗೆ, ತಳ್ಳೋದು), ಒಂದು ಹೋಲ್ಡಿಂಗ್ ಫರ್ನೇಸು, ನಾನು ನಮ್ಮ ತಮ್ಮ ಮತ್ತ ಐದು ಮಂದಿ ಹುಡುಗ್ರು. ಇಷ್ಟು ವರ್ಷ ಎಡಿಸಿ12 ಅನ್ನೋ ಅಲ್ಯೂಮಿನಿಯಂ ಅಲಾಯ್ (ಮಿಶ್ರಲೋಹ) ಹಾಕಿ ಬ್ರ್ಯಾಕೆಟ್ಟು, ಕವರ್ರು ಇಂಥಾವ ಹೊಡಕೋತ ಬಂದೀವಿ, ಏನೂ ತ್ರಾಸ ಇರಲಿಲ್ಲ. ಈಗ ಒಂದು ಪಾರ್ಟಿ ಹೈಡ್ರಾಲಿಕ್ ಪಂಪಿನ ಹೌಸಿಂಗ್ ಕೊಟ್ಟಾರ, ಜಾಬ್ ತೂಕ 900 ಗ್ರಾಂ, ರನ್ನರ್ ಬಿಸ್ಕಿಟ್ (ಮೆಟಲ್ ಹರಿಯೋ ಹಾದಿಯಾಗ ಉಳಿಯೋ ತುಂಡು) ಎಲ್ಲಾ ಕೂಡಿ ಶಾಟ್, ಅಂದ್ರ ಒಮ್ಮೆ ಹೊಡಿಯೋ ಮೆಟಲ್, ಒಂದೂವರಿ ಕೇಜಿ. ಮಷಿನಿಂಗ್ ಆಗೋತನಾ ಚೊಲೋನ ಕಾಣತಾವ್ರಿ, ಬೋರ್ ಹೊಡದ ಮ್ಯಾಲೆ ನೀರಾಗ ಮುಳುಗಿಸಿ 6 ಬಾರ್ ಗಾಳಿ ಬಿಟ್ರ ಸಾಕು ಸಣ್ಣ ಸಣ್ಣ ಗುಳ್ಳಿ ಏಳಾಕ ಶುರು, ನೂರರಾಗ ಹದಿನೆಂಟ ಇಪ್ಪತ್ತು ಪೀಸು ವಾಪಸ್.

ಇದು ಸಾಲದಂತ ಹೊಸ ಡ್ರಾಯಿಂಗ್‌ನಾಗ ಟಿ6 ಹೀಟ್ ಟ್ರೀಟ್‌ಮೆಂಟ್ (ಒಲಿಯಾಗ ಕಾಸಿ, ಸಟ್ಟನ ಆರಿಸಿ, ಮತ್ತ ಹಗುರ ಕಾಸಿ ಮೆಟಲ್ ಬಲ ಮಾಡೋದು) ಬ್ಯಾರೆ ಬರದಾರ. ಸುಮ್ಮ ನೋಡೂಣಂತ ನಾಕು ಪೀಸ್ ಒಲಿಯಾಗ ಇಟ್ಟಿದ್ವಿ, ಹೊರಗ ತಗದಾಗ ಮೈತುಂಬ ಬೊಬ್ಬಿ, ಥೇಟ್ ಹಂಚಿನ ಮ್ಯಾಲೆ ಚಪಾತಿ ಉಬ್ಬಿದಂಗ. ಅವರ ಎಂಜಿನಿಯರ್‌ಗೆ ಫೋನ್ ಹಚ್ಚಿದ್ರ "ಸೆಮಿ-ಸಾಲಿಡ್ ಮಾಡ್ರಿ, ಪೊರಾಸಿಟಿ (ಒಳಗಿನ ತೂತು) ಬರಂಗಿಲ್ಲ, ಟಿ6ನೂ ತಡಕೋತೈತಿ" ಅಂತಂದು ಇಟ್ಟಬಿಟ್ಟ. ನೆಟ್ಟಿನಾಗ ಹುಡುಕಿದ್ರ ಒಬ್ಬರು ರಿಯೋ ಅಂತಾರ ಒಬ್ಬರು ಥಿಕ್ಸೋ ಅಂತಾರ, ತಲಿ ಕೆಟ್ಟು ಹೋತು.

ನಮ್ಮ ತಮ್ಮ ಏನಂತಾನ ಅಂದ್ರ, ಫರ್ನೇಸ್ ಟೆಂಪರೇಚರ್ ಇಳಿಸಿ, ಮೆಟಲ್ ಇನ್ನೇನು ಗಟ್ಟಿ ಆಗೋ ಹೊತ್ತಿಗೆ ಲ್ಯಾಡಲ್‌ನಾಗ (ಸೌಟಿನಾಗ) ತುಂಬಿ ಹೊಡದ್ರ ಅದ ಸೆಮಿ-ಸಾಲಿಡ್ ಆತಲ್ಲ, ಅದಕ್ಕ ಇಷ್ಟ್ಯಾಕ ಒದ್ದಾಡಬೇಕು ಅಂತಾನ. ಖರೇನ ಇಷ್ಟ ಐತೇನ್ರಿ? ನಮ್ಮ ಮಷೀನ್ ಮ್ಯಾಲೆ ಆಗತೈತೋ ಇಲ್ಲೋ ತಿಳದವ್ರು ಹೇಳ್ರಿ.

ಬಾಗಲಕೋಟಿ_ಮೆಕ್:

ಅಣ್ಣಾರ, ನಿಮ್ಮ ತಮ್ಮ ಹೇಳಿದ್ದು ಅರ್ಧ ಖರೆ ಐತಿ. ನಾ ಎಂಟೆಕ್ ಪ್ರಾಜೆಕ್ಟ್ ಇದರ ಮ್ಯಾಲೇನ ಮಾಡಿದ್ದೆ, ಅದಕ್ಕ ಬರೀತೀನಿ.

ಮೆಟಲ್ ಸುಮ್ಮನ ಆರಾಕ ಬಿಟ್ರ ಅದರೊಳಗ ಹರಳು ಟೊಂಗಿ ಒಡಕೋತ ಬೆಳೀತಾವ, ಡೆಂಡ್ರೈಟ್ ಅಂತಾರ. ಜಾಲಿಕಂಟಿ ಒಂದರಾಗೊಂದು ಹೆಣಕೊಂಡಂಗ. ಹಿಂಗಾಗಿ ನೂರರಾಗ 15-20 ಭಾಗ ಗಟ್ಟಿ ಆದ್ರ ಸಾಕು, ಉಳಿದ 80 ಭಾಗ ಇನ್ನೂ ನೀರಿದ್ರೂ ಮೆಟಲ್ ಮುಂದಕ ಸರಿಯೂದಿಲ್ಲ. ನೀವು ಬರೇ ಟೆಂಪರೇಚರ್ ಇಳಿಸಿ ಹೊಡದ್ರ ಇದ ಆಗೋದು, ಡೈ ಅರ್ಧ ತುಂಬಿ ಕೋಲ್ಡ್ ಶಟ್ (ಆರಿದ ಮೆಟಲ್ ಒಂದಕ್ಕೊಂದು ಕೂಡದ ಉಳಿಯೋ ಸೀಳು) ಬಿದ್ದು ಕುಂಡರತಾವ. ಆದ್ರ ಅದ ಮೆಟಲ್ ಆರೋವಾಗ ಕಲಕ್ಕೋತ ಇದ್ರ ಟೊಂಗಿ ಬೆಳೆಯಾಕ ಪುರಸೊತ್ತ ಸಿಗೂದಿಲ್ಲ, ಹರಳು ಜೋಳದ ಕಾಳಿನಂಗ ದುಂಡಗ ಆಗ್ತಾವ. ದುಂಡನ ಕಾಳು ಒಂದರ ಮ್ಯಾಲೊಂದು ಜಾರತಾವ, ಅದಕ್ಕ ಅರ್ಧಕ್ಕರ್ಧ ಗಟ್ಟಿ ಇದ್ರೂ ತಳ್ಳಿದ್ರ ಹರೀತೈತಿ, ಜೋರ ತಳ್ಳಿದಷ್ಟೂ ತೆಳ್ಳಗ ಆಗತೈತಿ, ಬಿಟ್ರ ಹೊಳ್ಳಿ ಬಿಗೀತೈತಿ. ಇಂಥಾ ಮುದ್ದಿ ಟೇಬಲ್ ಮ್ಯಾಲೆ ತನ್ನಷ್ಟಕ್ಕ ತಾನ ನಿಂದರತೈತಿ, ಚಾಕು ಹಾಕಿದ್ರ ಬೆಣ್ಣಿ ಕೊಯ್ದಂಗ ಕೊಯ್ತೈತಿ.

ಇದನ್ನ ಯಾರೂ ಹುಡುಕ್ಕೋತ ಹೋಗಿ ಕಂಡುಹಿಡಿದದ್ದಲ್ಲರಿ. 1970ರ ದಶಕದ ಶುರುವಿನಾಗ ಅಮೆರಿಕಾದ ಎಂಐಟಿಯೊಳಗ ಡೇವಿಡ್ ಸ್ಪೆನ್ಸರ್ ಅಂತ ಪಿಎಚ್‌ಡಿ ಹುಡುಗ, ಮರ್ಟನ್ ಫ್ಲೆಮಿಂಗ್ಸ್ ಅವರ ಕೈಯಾಗ, ಕಾಸ್ಟಿಂಗ್ ಆರೋವಾಗ ಬಿಸಿ ಇದ್ದಾಗನ ಯಾಕ ಸೀಳತಾವ ಅಂತ ನೋಡಾಕತ್ತಿದ್ದ. ತವರಕ್ಕ 15 ಪರ್ಸೆಂಟ್ ಸೀಸ ಕೂಡಿಸಿ, ಒಂದು ಡಬ್ಬಿಯೊಳಗ ಇನ್ನೊಂದು ತಿರುಗೋ ಡಬ್ಬಿ ಇಟ್ಟು ಜಿಗುಟುತನ ಅಳೀತಿದ್ದ. ಒಮ್ಮೆ ಪೂರ್ತಿ ಕರಗಿದಾಗಿಂದನ ತಿರುಗಿಸ್ಕೋತ ಆರಿಸಿದ, ತಿರುಗಿಸಾಕ ಬೇಕಾದ ಜೋರು ನೂರಾರು ಪಟ್ಟು ಕಡಿಮಿ ಬಂತು. 1972ರಾಗ ಪೇಪರ್ ಬಂತು, ಅಲ್ಲಿಂದ ಶುರು.

ನಮ್ಮ ಕಡೆ ಮಹಾಲಿಂಗಪುರದಾಗ ಬೆಲ್ಲದ ಗಾಣಕ್ಕ ಹೋದವ್ರಿಗೆ ಇದು ಹೊಸಾದಲ್ಲ. ಪಾಕ ಇಳಿಸಿದ ಮ್ಯಾಲೆ ಆರೋತನಾ ಕಟ್ಟಿಗಿ ಹುಟ್ಟಿನಿಂದ ತಿರುವ್ಯಾಡ್ತಾರ, ಹಂಗ ತಿರುವಿದ್ರ ಸಣ್ಣ ಹರಳಿನ ಬೆಲ್ಲ, ಬಿಟ್ರ ಬ್ಯಾರೆ ಥರ. ನಮ್ಮ ಗೈಡಿಗೆ ಇದನ್ನ ಹೇಳಿದ್ರ ನಕ್ಕು, ಥೀಸಿಸ್‌ನಾಗ ಮಾತ್ರ ಬರೀಬ್ಯಾಡ ಅಂದ್ರು.

ಇನ್ನ ಅಲಾಯ್ ಮಾತು. ಇದಕ್ಕ ಹೊಂದೋದು ಎಲ್ಎಂ25 ಅನ್ನೋ ಅಲ್ಯೂಮಿನಿಯಂ ಅಲಾಯ್, ಎ356 ಅನ್ನೋದರ ಅಣ್ಣತಮ್ಮ, ಸಿಲಿಕಾನ್ ನೂರಕ್ಕ ಏಳರ ಆಜೂಬಾಜು. ಸುಮಾರು 615 ಡಿಗ್ರಿಗೆ ಗಟ್ಟಿ ಆಗಾಕ ಶುರು ಮಾಡತೈತಿ, 600ಕ್ಕ ಕಾಲುಭಾಗ ಗಟ್ಟಿ, 577ರ ಹತ್ರ ಬಂದಾಗ ಅರ್ಧ, ಅಲ್ಲಿಗೆ ಉಳಿದ ಅರ್ಧ ಒಮ್ಮೆಲೆ ಬಿಗೀತೈತಿ. ಅಂದ್ರ ನಿಮಗ ಆಟ ಆಡಾಕ 35-40 ಡಿಗ್ರಿ ಜಾಗ ಸಿಗತೈತಿ. ಎಡಿಸಿ12ರಾಗ ಸಿಲಿಕಾನ್ 9.6 ರಿಂದ 12, ಅದಕ್ಕ ಮೊದಲ ಹುಟ್ಟೋ ಅಲ್ಯೂಮಿನಿಯಂ ಕಾಳ ಕಡಿಮಿ, ಜಾಗ ಇಕ್ಕಟ್ಟು. ಎಲ್ಎಂ6 ಅನ್ನೋ ಅಲಾಯ್ ಅಂತೂ ಹತ್ರಹತ್ರ ಒಂದ ಟೆಂಪರೇಚರಿಗೆ ಗಟ್ಟಿ ಆಗತೈತಿ, ಅದನ್ನ ಮರತಬಿಡ್ರಿ.

ಭಟ್ಟಿ_ಕಾಕಾ:

ತಮ್ಮಾ, ಹುಡುಗ ಚೊಲೋ ಹೇಳ್ಯಾನ. ನಾ ಒಂದು ಹಳೇ ಮಾತ ಹೇಳ್ತೀನಿ. ಮೊದಲ ಟೆಲಿಫೋನ್ ಕೇಬಲ್ ಮ್ಯಾಲೆ ಸೀಸದ ಕವಚ ಇರ್ತಿತ್ತು. ಜಾಯಿಂಟ್ ಮಾಡಾಂವ ರಸ್ತೆದಾಗ ತಗ್ಗಿನೊಳಗ ಕುಂತು, ಕರಗಿದ ಸೀಸ-ತವರ ಸೌಟಿನಿಂದ ಸುರುವಿ, ಎಣ್ಣಿ ಹಚ್ಚಿದ ದಪ್ಪ ಅರಬಿಯಿಂದ ಒರಸಿ ಒರಸಿ ಕುಂಬಾರ ಮಣ್ಣ ತಿದ್ದಿದಂಗ ತಿದ್ದತಿದ್ದ. ಸಣ್ಣಾಂವ ಇದ್ದಾಗ ಬಾಯಿ ತಕ್ಕೊಂಡು ನೋಡ್ಕೋತ ನಿಂತೇನಿ. ಸೀಸ ಜಾಸ್ತಿ ಇದ್ದ ಅಲಾಯ್ ತಗೋತಿದ್ರು, 70ಕ್ಕ 30ರಂಗ, ಅದು 255ರ ಸುಮಾರಿಗೆ ಶುರು ಆಗಿ 183ರತನಾ ಕೆಸರಿನಂಗ ಇರತೈತಿ. ರೇಡಿಯೋ ರಿಪೇರಿ ಮಾಡೋ 60-40 ಸೋಲ್ಡರ್ ತಗೊಂಡ್ರ ಅದು ಸಟ್ಟನ ಬಿಗೀತೈತಿ, ತಿದ್ದಾಕ ಬರೂದಿಲ್ಲ. ಎಲ್ಎಂ25ಕ್ಕೂ ಎಲ್ಎಂ6ಕ್ಕೂ ಇರೋ ಫರಕ್ ಅಷ್ಟ. ಪೇಪರ್ ಬರೋಕಿಂತ ಮೊದ್ಲ ಆ ಮನಷ್ಯಾಗ ಗೊತ್ತಿತ್ತು.

ಈಗ ನಿನ್ನ ಜಾಬಿಗೆ ಬರ್ತೀನಿ. ಸೆಮಿ-ಸಾಲಿಡ್ ಆಮ್ಯಾಲೆ, ಮೊದ್ಲ ಲೀಕ್ ಇದ್ದ ಪೀಸ್ ತಗೊಂಡು ಗುಳ್ಳಿ ಎಲ್ಲಿ ಏಳತೈತಿ ಅಲ್ಲಿಗೆ ಮಾರ್ಕ್ ಮಾಡಿ ಹ್ಯಾಕ್ಸಾ ಹಚ್ಚಿ ಕೊಯ್. ಕೊಯ್ದ ಮುಖ ಎಮರಿ ಪೇಪರ್‌ನಿಂದ ತಿಕ್ಕಿ ಬಿಸಲಿಗೆ ಹಿಡಿ. ತೂತು ದುಂಡಗ, ಒಳಗೋಡಿ ನುಣ್ಣಗ ಹೊಳ್ಯಾಕತ್ತಿದ್ರ ಅದು ಗಾಳಿ. ತೂತು ಹರಕಮುರಕ, ಒಳಗ ಜೇಡನ ಬಲಿಯಂಗ ಖರಬರ ಇದ್ರ ಅದು ಶ್ರಿಂಕೇಜು, ದಪ್ಪ ಜಾಗದಾಗ ಮೆಟಲ್ ಸಾಲದ್ದು. ಎರಡರ ಔಷಧ ಬ್ಯಾರೆ ಬ್ಯಾರೆ.

ಬೊಬ್ಬಿ ಎದ್ದಾವ ಅಂದಿಯಲ್ಲ, ಅದಕ್ಕ ನಿಂದು ಗಾಳೀನ ಅಂತ ನನ್ನ ಅಂದಾಜು. ಸಿಕ್ಕೊಂಡ ಗಾಳಿ ಒಲಿಯಾಗ ಹಿಗ್ಗಿ ಮೆತ್ತಗಾದ ಮೆಟಲ್ ಉಬ್ಬಸತೈತಿ. ಮತ್ತ ಎಡಿಸಿ12ನ್ನ 540ಕ್ಕ ಇಟ್ಟಿದ್ರ ಅದರಾಗಿನ ತಾಮ್ರದ ಭಾಗ ಒಳಗೊಳಗ ಕರಗಾಕ ಹತ್ತತೈತಿ, ಆ ಪೀಸ್ ನೋಡಿ ಏನೂ ತೀರ್ಮಾನ ಮಾಡಬ್ಯಾಡ.

ನಿನ್ನ ಶಾಟ್ ಸ್ಲೀವ್ (ಮೆಟಲ್ ಸುರುವೋ ಕೊಳವಿ) ಎಷ್ಟೈತಿ? 250 ಟನ್ನಿಗೆ 70 ಎಂಎಂ ಬೋರು, 400 ಉದ್ದ ಅಂತ ಹಿಡಿ. ಅದರೊಳಗ ಒಂದೂವರಿ ಕೇಜಿ ಸುರುವಿದ್ರ ನೂರರಾಗ 40 ಭಾಗ ತುಂಬತೈತಿ. ಉಳಿದ 60 ಭಾಗ ಗಾಳಿ! ಪ್ಲಂಜರ್ (ಮೆಟಲ್ ತಳ್ಳೋ ದಂಡ) ಮೊದ್ಲೇ ಜೋರ ಬಿಟ್ರ ಕೆರಿಯಾಗ ತೆರಿ ಎದ್ದಂಗ ಮೆಟಲ್ ಮಗುಚಿ ಆ ಗಾಳಿ ನುಂಗಿ ಡೈಗೆ ಒಯ್ತೈತಿ. 60ರ ಸ್ಲೀವ್ ಹಾಕಿದ್ರ 55ರತನಾ ಏರತೈತಿ. ನಿಧಾನ ಸ್ಟೇಜ್ ತಿದ್ದು, ಗಾಳಿ ಹೋಗೋ ವೆಂಟ್‌ನಾಗ ಫ್ಲಾಶ್ (ಸೋರಿದ ತೆಳ್ಳನ ಮೆಟಲ್) ಕುಂತೈತೇನ್ ನೋಡು, ಓವರ್‌ಫ್ಲೋ (ಹೆಚ್ಚಾದ ಮೆಟಲ್ ಹೋಗೋ ತಗ್ಗು) ಕಡೀಕ ತುಂಬೋ ಜಾಗಕ್ಕೈತೇನ್ ನೋಡು. ಇಷ್ಟ ಮಾಡಿ ಹೊಳ್ಳಿ ಬಾ.

ವಿಜಾಪುರದಾಂವ_ಪುಣೆದಾಗ:

ಕಾಕಾ ಹೇಳಿದ್ದೇ ಮೊದಲ ಕೆಲಸ. ಆದ್ರ ಟಿ6 ಬರದಾರ ಅಂದ್ಮ್ಯಾಲ ಬರೇ ವೆಂಟ್ ತಿದ್ದಿದ್ರ ಆಗೂದಿಲ್ಲ, ಅದಕ್ಕ ಈ ಮಾತೂ ಬೇಕಾಗ್ತದ. ನಾ ಎರಡು ವರ್ಷ ಸ್ಲರಿ (ಅರೆಗಟ್ಟಿ ಮೆಟಲ್) ಮಾಡೋ ಸ್ಟೇಷನ್ ಇರೋ ಲೈನಿನಾಗ ಕೆಲಸ ಮಾಡೀನಿ.

ಥಿಕ್ಸೋ ಅಂದ್ರ ದುಂಡನ ಕಾಳಿನ ಬಿಲ್ಲೆಟ್ ಮೊದಲೇ ತಯಾರ ಇರ್ತದ, ಕರೆಂಟಿನ ಅಯಸ್ಕಾಂತದಿಂದ ಕಲಕ್ಕೋತ ಎರಕ ಹೊಯ್ದ ಸರಳು. ಅದನ್ನ ತುಂಡು ಮಾಡಿ ಇಂಡಕ್ಷನ್ ಕಾಯಿಲ್‌ನಾಗ ಅರ್ಧ ಕರಗೋ ಹಂಗ ಕಾಸಿ, ಆ ಮುದ್ದಿನ ಎತ್ತಿ ಸ್ಲೀವ್‌ನಾಗ ಇಡೋದು. ಫರ್ನೇಸೇ ಬ್ಯಾಡ, ಸ್ವಚ್ಛ ಕೆಲಸ. ಆದ್ರ ಬಿಲ್ಲೆಟ್ ತುಟ್ಟಿ, ಎಲ್ಲಾ ಕಡೆ ಸಿಗೂದಿಲ್ಲ, ರನ್ನರ್ ಬಿಸ್ಕಿಟ್ ನೀವೇ ಕರಗಿಸಿ ಹೊಳ್ಳಿ ಬಳಸಾಕ ಬರೂದಿಲ್ಲ, ಬಿಲ್ಲೆಟ್ ಮಾಡಾಂವಗೇ ವಾಪಸ್ ಕೊಡಬೇಕು. ಕಾಸೋವಾಗ ಎರಡು ಮೂರು ಡಿಗ್ರಿ ತಪ್ಪಿದ್ರ ಒಂದೋ ಮುದ್ದಿ ಸೋರಿ ಹೋಗ್ತದ ಇಲ್ಲಾ ಕಲ್ಲಾಗಿ ಕೂಡ್ತದ. ಕಾರಿನ ಸಸ್ಪೆನ್ಷನ್, ಫ್ಯೂಯಲ್ ರೇಲ್ ಇಂಥಾವ ಯುರೋಪಿನಾಗ ಹಿಂಗ ಮಾಡ್ಯಾರ ಖರೆ, ಆದ್ರ ಈ ಖರ್ಚಿಗೇ ಭಾಳ ಮಂದಿ ಬಿಟ್ಟು ಬಂದ್ರು. ಒಂದು ಮಷೀನಿನ ಶೆಡ್ಡಿಗೆ ಇದು ಆಗೂ ಮಾತಲ್ಲ.

ರಿಯೋ ಅಂದ್ರ ನಿಮ್ಮ ಫರ್ನೇಸಿನ ಮೆಟಲ್‌ನಿಂದಾನೇ ಅಲ್ಲಲ್ಲೇ ಸ್ಲರಿ ಮಾಡಿ ಅಲ್ಲೇ ಹೊಡಿಯೋದು, ಸ್ಕ್ರ್ಯಾಪ್ ಮನಿಯಾಗೇ ಉಳೀತದ. ಹಾದಿ ಮಾತ್ರ ಹತ್ತಾರು. ಜಪಾನಿನ ಉಬೆದವರು ಸ್ಟೀಲ್ ಕಪ್ಪಿನಾಗ ಸುರುವಿ ಹದಕ್ಕ ಆರಸ್ತಾರ, ಎಂಐಟಿಯವರೇ ಆಮ್ಯಾಲೆ ತಣ್ಣನ ಗ್ರ್ಯಾಫೈಟ್ ಸರಳು ಅದ್ದಿ ತಿರುಗಿಸಿ ತಗಿಯೋದು ಮಾಡಿದ್ರು, ಥಾಯ್ಲೆಂಡ್‌ನಾಗ ಸಣ್ಣ ಸಣ್ಣ ತೂತಿನ ಗ್ರ್ಯಾಫೈಟ್‌ನಿಂದ ಲ್ಯಾಡಲ್‌ನಾಗೇ ಗ್ಯಾಸ್ ಬಿಟ್ಟು ಕಲಕತಾರ, ಸ್ವೀಡನ್‌ನವರು ಅದೇ ಅಲಾಯಿನ ತಣ್ಣನ ತುಂಡು ಸರಳಿಗೆ ಸಿಗಿಸಿ ಮೆಟಲ್‌ನಾಗ ತಿರುವತಾರ, ಆ ತುಂಡು ಕರಗ್ಕೋತ ಬಿಸಿ ಹೀರ್ತದ. ಎಲ್ಲಾದರ ಒಳಗುಟ್ಟು ಒಂದೇ: ಗಟ್ಟಿ ಆಗೋ ಗಡಿಗೆ ಹತ್ರ ಇರೋ ಮೆಟಲ್‌ನಾಗ ಸಟ್ಟನ ಲೆಕ್ಕಿಲ್ಲದಷ್ಟು ಹರಳಿನ ಬೀಜ ಹುಟ್ಟಿಸಬೇಕು. ಬೀಜ ಭಾಳಾದ್ರ ಯಾವುದಕ್ಕೂ ಟೊಂಗಿ ಬಿಡಾಕ ಜಾಗ ಇರೂದಿಲ್ಲ. ತಾಸುಗಟ್ಟಲೆ ಕಲಕೋದಲ್ಲ ಇದು, ಸೆಕೆಂಡಿನ ಕೆಲಸ.

ಮೆಗ್ನೀಷಿಯಂದು ಬ್ಯಾರೇನೇ ಕಥಿ. ಥಿಕ್ಸೋಮೋಲ್ಡಿಂಗ್ ಅಂತ, ಚಿಪ್ಸ್ ಹಾಕಿ ಪ್ಲಾಸ್ಟಿಕ್ ಇಂಜೆಕ್ಷನ್ ಮಷೀನಿನಂಗ ಸ್ಕ್ರೂದಿಂದ ತಳ್ಳತಾರ, ಬೆಂಕಿ ಹತ್ತಬಾರದಂತ ಆರ್ಗಾನ್ ತುಂಬಿರ್ತಾರ. ನಿಮಗ ಸಂಬಂಧ ಇಲ್ಲ.

ನಿಮ್ಮ ಮಷೀನಿಗೆ ಬರೂಣು. ನೀವು ಈಗ 650-680ಕ್ಕ ಸುರುವಿ ಗೇಟಿನಾಗ (ಮೆಟಲ್ ಅಚ್ಚಿನೊಳಗ ಹೋಗೋ ಬಾಯಿಯಾಗ) ಸೆಕೆಂಡಿಗೆ 30-50 ಮೀಟರ್ ಸ್ಪೀಡಿಗೆ ಚಿಮ್ಮಸ್ತೀರಿ, ಅದು ಪಿಚಕಾರಿ. ಸೆಮಿ-ಸಾಲಿಡ್ ಅಂದ್ರ ಟೂತ್‌ಪೇಸ್ಟ್, ಒಂದೇ ಮುಖ ಮಾಡಿ ಗಾಳೀನ ಮುಂದ ತಳ್ಳಕೋತ ಹೋಗಬೇಕು. ಹಂಗಾಗಿ ನಿಮ್ಮ ಒಂದೂವರಿ ಎರಡು ಎಂಎಂ ಗೇಟ್ ನಡಿಯೂದಿಲ್ಲ, ಗೇಟ್ ಜಾಬಿನ ದಪ್ಪಕ್ಕ ಹತ್ರ ಇರಬೇಕು. ಅಂದ್ರ ಡೈ ಬ್ಯಾರೆ. ಮತ್ತ ಅಷ್ಟು ದಪ್ಪ ಗೇಟ್ ಕೈಯಿಂದ ಮುರಿಯಾಕ ಬರೂದಿಲ್ಲ, ಬ್ಯಾಂಡ್‌ಸಾ ಬೇಕು, ಇದನ್ನ ಕೊಟೇಶನ್‌ನಾಗ ಎಲ್ಲಾರೂ ಮರೀತಾರ. ಇನ್ನೊಂದು, ಎಡಿಸಿ12ರಾಗ ಕಬ್ಬಿಣ ಒಂದು ಪರ್ಸೆಂಟಿನತನಾ ಇರ್ತದ, ಅದಕ್ಕೇ ಡೈಗೆ ಅಂಟೂದಿಲ್ಲ. ಎ356ರಾಗ ಅದು ತೀರಾ ಕಡಿಮಿ, ಬಿಸಿ ಮೆಟಲ್ ಹೊಡದ್ರ ಡೈಗೆ ಬೆಸಗಿ ಹಾಕಿದಂಗ ಹತ್ತತದ. ಸ್ಲರಿ 590ರಾಗ ಹೋದ್ರ ಆ ಕಾಟ ಕಡಿಮಿ, ಡೈನೂ ಹೆಚ್ಚಿಗಿ ಬಾಳತದ. ಇದು ನಾ ಕಣ್ಣಾರೆ ಕಂಡ ಲಾಭ.

ತಿಂಗಳಿಗೆ ಎಷ್ಟು ಪೀಸ್ ಅಂತ ನೀವು ಹೇಳೇ ಇಲ್ಲಲ್ಲ? ಒಂದು ಸಾವಿರದ ಆಸುಪಾಸ ಇದ್ರ ನಾ ಆಗಿದ್ರ ಎಲ್ಎಂ25ರಾಗ ಗ್ರಾವಿಟಿ ಡೈಕಾಸ್ಟಿಂಗ್ (ಒತ್ತದ ಸುಮ್ಮನ ಅಚ್ಚಿಗೆ ಸುರುವೋದು) ಮಾಡಿ ಟಿ6 ಕೊಟ್ಟು ಮುಗಿಸ್ತಿದ್ದೆ. ಸೆಮಿ-ಸಾಲಿಡ್ ಅನ್ನೋ ಹೆಸರು ಕೇಳಾಕ ಚೊಲೋ ಅದ ಅಂತ ಅದರ ಬೆನ್ನ ಹತ್ತಬ್ಯಾಡ್ರಿ.

ಮಚ್ಛೆ_ಬೀಡು:

ನಡುವ ಬಾಯಿ ಹಾಕ್ತೀನಿ, ನಮ್ಮದು ಗ್ರೇ ಐರನ್ ಫೌಂಡ್ರಿ. ನಮಗೂ ಇದು ಬರತೈತೇನ್ರಿ?

ವಿಜಾಪುರದಾಂವ_ಪುಣೆದಾಗ:

ಲ್ಯಾಬಿನಾಗ ಮಾಡ್ಯಾರ. ಆದ್ರ ಬೀಡು, ಸ್ಟೀಲ್ ಅರೆಗಟ್ಟಿ ಇರೋದು 1150 ಡಿಗ್ರಿ ಮ್ಯಾಲೆ, ಆ ಬಿಸಿಗೆ ಡೈ ಬಾಳಬೇಕಲ್ಲ. ನೀವು ಉಸುಕಿನಾಗೇ ಆರಾಮ ಇರ್ರಿ.

ಉದ್ಯಮಬಾಗ_ಡೈಕಾಸ್ಟ್:

ಎಲ್ಲಾರಿಗೂ ಭಾಳ ಉಪಕಾರ್ರಿ. ಹದಿನೈದು ದಿನ ಆತು, ಆಗಿದ್ದು ಬರೀತೀನಿ.

ಕಾಕಾ, ನೀವಂದಂಗ ಆರು ಪೀಸ್ ಕೊಯ್ದ್ವಿ. ಐದರಾಗ ದುಂಡನ ತೂತು, ಒಳಗ ಕನ್ನಡಿಯಂಗ ಹೊಳೀತಿದ್ವು, ಎಲ್ಲಾ ಗೇಟಿನ ಎದುರಿನ ಬೋರ್ ಬಾಜೂಕನ. ಒಂದರಾಗ ಮಾತ್ರ ದಪ್ಪ ಬಾಸ್ (ಉಬ್ಬಿದ ಜಾಗ) ಕೆಳಗ ಖರಬರಾಂದು. ಸ್ಲೀವ್ ಅಳದ್ರ ಖರೇನ 70 ಐತ್ರಿ, ನೀವು ನಮ್ಮ ಶೆಡ್ಡಿಗೆ ಬಂದು ಹೋಗೀರೇನು ಅಂತ ನಮ್ಮ ತಮ್ಮ ಕೇಳಾಕತ್ತಾನ. ವೆಂಟ್ ನೋಡಿದ್ರ ಹಳೇ ಫ್ಲಾಶ್ ಮತ್ತ ಸ್ಪ್ರೇದ ಕಿಟ್ಟ ಕುಂತು ಪೂರಾ ಬಂದ್ ಆಗಿತ್ತು, ಯಾವಾಗಿನಿಂದ ಹಂಗಿತ್ತೋ ದೇವರಿಗೇ ಗೊತ್ತು. ಸ್ವಚ್ಛ ಮಾಡಿ ಎರಡು ಓವರ್‌ಫ್ಲೋ ದೊಡ್ಡದ ಮಾಡಿ ನಿಧಾನ ಸ್ಟೇಜ್ ತಿದ್ದಿದ್ವಿ, ಸ್ಲೀವ್ ಇನ್ನೂ ಬದಲಿಸಿಲ್ಲ. ಹೋದ ಲಾಟಿನ 200ರಾಗ 13 ಲೀಕ್.

ಪೀಸು ತಿಂಗಳಿಗೆ 1,200. ಟಿ6 ಬೇಕಾದ ಮಾಡೆಲ್ ಅದರಾಗ 300 ಅಷ್ಟ ಅಂತ ಈಗ ಪಾರ್ಟಿ ಬಾಯಿ ಬಿಟ್ಟಾರ, ಮೊದ್ಲೇ ಹೇಳಿದ್ರ ಏನಾಗ್ತಿತ್ತೋ. ಆ 300ಕ್ಕ ಎಲ್ಎಂ25 ಗ್ರಾವಿಟಿ ಮಾಡಿ ಕೊಡ್ತೀವಿ ಅಂತ ಸ್ಯಾಂಪಲ್ ಕಳಸಾಕತ್ತೀವಿ.

ಆದ್ರ ತಮ್ಮಗ ಹುಚ್ಚ ಹಿಡದೈತಿ, ಒಮ್ಮೆ ಆದ್ರೂ ಸ್ಲರಿ ಮಾಡಿ ನೋಡಬೇಕಂತ. ಮಷೀನಿಗೆ ಬ್ಯಾಡ, ಸುಮ್ಮ ಸಣ್ಣ ಅಚ್ಚಿನಾಗ. ಮೊನ್ನೆ ಲ್ಯಾಡಲ್‌ನಾಗ ಗ್ರ್ಯಾಫೈಟ್ ಸರಳ ತಿರುವಿದಾ, ಒಂದು ಸಲ ಗಂಜಿಯಂಗ ಚೊಲೋ ಬಂತು, ಮುಂದಿನ ಮೂರು ಸಲ ಲ್ಯಾಡಲ್‌ನಾಗನ ಹೆಪ್ಪು. ಅದ ಫರ್ನೇಸು ಅದ ಸೆಟ್ಟಿಂಗ್ ಅಂತಾನ, ಹಂಗ್ಯಾಕ?

ಬಾಗಲಕೋಟಿ_ಮೆಕ್:

ಫರ್ನೇಸ್ ಸೆಟ್ಟಿಂಗ್ ಅದ ಇರಬಹುದು ಅಣ್ಣಾರ, ಲ್ಯಾಡಲ್ ಅದ ಇರೂದಿಲ್ಲ. ತಣ್ಣನ ಲ್ಯಾಡಲ್ ಮುಳುಗಿಸಿದ್ರ ಮೆಟಲ್ ತಗದ ಕ್ಷಣಕ್ಕನ ಹತ್ತಾರು ಡಿಗ್ರಿ ನುಂಗತೈತಿ. ನಾವೂ ಇದರಾಗ ಒಂದು ಸೆಮಿಸ್ಟರ್ ಕಳದೀವಿ. ಕೂಲಿಂಗ್ ಸ್ಲೋಪ್ ಮಾಡಿದ್ವಿ, ಅಂದ್ರ ಇಳಿಜಾರು ಸ್ಟೀಲ್ ಪ್ಲೇಟು, ಕೆಳಗ ನೀರು ಹರೀತೈತಿ, ಅದರ ಮ್ಯಾಲೆ ಮೆಟಲ್ ಸುರುವಿದ್ರ ಜಾರೋವಾಗ ಪ್ಲೇಟಿಗೆ ಹತ್ತಿ ಬೀಜ ಹುಟ್ಟತಾವ, ಹಿಂದಿನ ಮೆಟಲ್ ಅವನ್ನ ಬಳಕೊಂಡು ಅಚ್ಚಿಗೆ ಒಯ್ತೈತಿ. ಮೊದಲನೇ ದಿನ 620ಕ್ಕ ಸುರುವಿದ್ವಿ, ಅರ್ಧ ಮೆಟಲ್ ಪ್ಲೇಟಿನ ಮ್ಯಾಲೆನ ದ್ವಾಶಿ ಹೊಯ್ದಂಗ ಹತ್ತಿ ಕುಂತಿತು. 640ಕ್ಕ ಏರಿಸಿ, ಬೋರಾನ್ ನೈಟ್ರೈಡ್ (ಮೆಟಲ್ ಅಂಟದಂಗ ಮಾಡೋ ಲೇಪ) ಬಳದ ಮ್ಯಾಲೆ ದಾರಿಗೆ ಬಂತು. ಕಾಳು ದುಂಡಗ ಕಂಡದ್ದು ಹನ್ನೊಂದನೇ ಸಲ. ಮೈಕ್ರೋಸ್ಕೋಪ್‌ನಾಗ ನೋಡಿದಾಗ ನಮ್ಮ ಲ್ಯಾಬ್ ಅಟೆಂಡರ್ ಸೈತ ಓಡಿ ಬಂದ್ರು.

ನಿಮ್ಮ ತಮ್ಮಗ ಹೇಳ್ರಿ, ಲ್ಯಾಡಲ್ ಫರ್ನೇಸ್ ಬಾಯಿ ಮ್ಯಾಲೆ ಪ್ರತಿ ಸಲ ಅಷ್ಟ ಹೊತ್ತು ಕಾಸ್ರಿ, ಸರಳು ಪ್ರತಿ ಸಲ ಅಷ್ಟ ತಣ್ಣಗಿರಬೇಕು, ಒಂದ ಸರಳ ನಾಕು ಸಲ ಅದ್ದಿದ್ರ ನಾಕನೇ ಸಲಕ್ಕ ಅದ ಬಿಸಿ ಆಗಿರತೈತಿ. ಮೆಟಲ್ 630ರ ಹತ್ರ ಇದ್ದಾಗ ಸರಳ ಅದ್ದಿ, ಥರ್ಮೋಕಪಲ್ (ಟೆಂಪರೇಚರ್ ಅಳಿಯೋ ಸಲಕರಣಿ) ಲ್ಯಾಡಲ್‌ನಾಗನ ಇಟ್ಟು, 610ರ ಕೆಳಗ ಇಳಿದ ಕೂಡ್ಲೆ ಸರಳ ತಗೀರಿ. ಬೆಂಗಳೂರಿನ ಐಐಎಸ್‌ಸಿಯಾಗ ಇದರ ಮ್ಯಾಲೆ ವರ್ಷಗಟ್ಟಲೆ ಕೆಲಸ ಆಗೇತಿ, ಅವರ ಪೇಪರ್ ಹುಡುಕಿದ್ರ ಸಿಗತಾವ, ಗ್ರಾಫ್ ನೋಡಿದ್ರ ಸಾಕು.

ಭಟ್ಟಿ_ಕಾಕಾ:

ಸರಳಾಗ ಪಸಿ ಇದ್ರ ಸಿಡದು ಕಣ್ಣ ಹೋಗತಾವ. ಅದ್ದೋಕಿಂತ ಮೊದ್ಲ ಒಲಿ ಬಾಜೂಕ ಇಟ್ಟು ಒಣಗಸಂತ ಹೇಳು, ಆಮ್ಯಾಲೆ ಆರಿಸಿ ಅದ್ದಲಿ. ಕನ್ನಡಕ ಹಾಕೊಂತಾನೋ ಇಲ್ಲೋ?

ಉದ್ಯಮಬಾಗ_ಡೈಕಾಸ್ಟ್:

ಹಾಕೊಂತಾನ್ ಕಾಕಾ, ಹಣಿ ಮ್ಯಾಲೆ. ಇವತ್ತಿನಿಂದ ಕಣ್ಣಿಗೆ ಇಳಸ್ತೀನಿ. ನಮ್ಮ ಥರ್ಮೋಕಪಲ್ಲಿನ ಸ್ಟೀಲ್ ಪೈಪ್ ಅಲ್ಯೂಮಿನಿಯಂ ತಿಂದ ಹಾಕೈತಿ, ಅದಕ್ಕ ಏನ ಬಳೀತೀರಿ?

ಬಾಗಲಕೋಟಿ_ಮೆಕ್:

ಅದಕ್ಕೂ ಬೋರಾನ್ ನೈಟ್ರೈಡನ, ತೆಳ್ಳಗ ಎರಡು ಕೋಟು. ಒಂದು ಕೋಟ್ ಪೂರಾ ಒಣಗಿದ ಮ್ಯಾಲೆ ಇನ್ನೊಂದು. ಅವಸರ ಮಾಡಿದ್ರ ಹಪ್ಪಳದಂಗ ಎದ್ದ ಬರತೈತಿ.